ಸಾಂತಾ ಕ್ಲಾರಾ ಕಣಿವೆಯ ಸ್ಪ್ಯಾನಿಷ್ ತರಗತಿ

ಅಮೆರಿಕೆಯ ಪಡುವಣ ಕರಾವಳಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ದಕ್ಷಿಣಕ್ಕೆ ಸುಮಾರು ೫೦ ಮೈಲಿ ಸಾಗಿದರೆ ಸ್ಯಾನ್ ಹೋಸೆ ಪಟ್ಟಣ ಸಿಕ್ಕುತ್ತದೆ. ಪಡುವಣಕ್ಕೆ ಸಾಂತಾ ಕ್ರೂಸ್ ಬೆಟ್ಟಗಳು, ಮೂಡಣಕ್ಕೆ ದಿಯಾಬ್ಲೊ ಬೆಟ್ಟಗಳು. ಇವೆರಡರ ನಡುವೆ ಬೋಗುಣಿಯಂತೆ ಹರಡಿಕೊಂಡಿರುವುದು ಸಾಂತಾ ಕ್ಲಾರಾ ಕಣಿವೆ. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಇದು ತೋಟಗಾರರ ನಾಡಾಗಿತ್ತು. ವಸಂತ ಬಂದಿತೆಂದರೆ ಪ್ಲಮ್, ಆಪ್ರಿಕಾಟ್, ಚೆರ್ರಿ ಮರಗಳು ಹೂತು ಕಣಿವೆಗೆ ಕಣಿವೆಯೇ ಬಿಳುಪೇರುತ್ತಿತ್ತು. ಈಗ ಆ ತೋಟಗಳ ಜಾಗದಲ್ಲಿ ಕಂಪ್ಯೂಟರ್ ಸಂಸ್ಥೆಗಳ ಗಾಜಿನ ಕಟ್ಟಡಗಳು ನಿಂತಿವೆ. ಲೋಕವು ಈ ನೆಲವನ್ನು ಸಿಲಿಕಾನ್ ಕಣಿವೆಯೆಂದು ಕರೆಯುತ್ತದೆ. ಕನ್ನಡ ನಾಡಿನಿಂದ ಹೋದ ಸಾವಿರಾರು ಸಂಸಾರಗಳು ಇಲ್ಲಿ ನೆಲಸಿವೆ.

ಆ ಸಂಸಾರಗಳ ಮಕ್ಕಳು ಹೈಸ್ಕೂಲಿಗೆ ಕಾಲಿಟ್ಟೊಡನೆ ಸ್ಪ್ಯಾನಿಷ್ ಭಾಷೆಯನ್ನು ಆರಿಸಿಕೊಳ್ಳುವುದನ್ನು ಕೇಳಿ ಊರಿನ ಬಂಧುಗಳು ಬೆರಗಾಗುವುದುಂಟು. ಇಂಗ್ಲಿಷಿನ ದೇಶದಲ್ಲಿ ಸ್ಪ್ಯಾನಿಷ್ ಏಕೆ? ಅದನ್ನು ಅಲ್ಲಿ ಹೇಗೆ ಕಲಿಸುತ್ತಾರೆ? ಎರಡನೆಯ, ಮೂರನೆಯ ವರ್ಷಕ್ಕೆ ಬರುವ ಹೊತ್ತಿಗೆ ಆ ತರಗತಿ ಮಕ್ಕಳಿಂದ ಏನನ್ನು ಬೇಡುತ್ತದೆ? ಇವು ಸಣ್ಣ ಪ್ರಶ್ನೆಗಳಂತೆ ಕಂಡರೂ ಇವುಗಳ ಉತ್ತರದಲ್ಲಿ ಒಂದು ನಾಡಿನ ಚರಿತ್ರೆಯೂ ಕೆಲವು ಮನೆಗಳ ಅಳಲೂ ಅಡಗಿವೆ.

ಊರುಗಳ ಹೆಸರೇ ಮೊದಲ ಪಾಠ

ಕಣಿವೆಯ ಹೆದ್ದಾರಿಯಲ್ಲಿ ಹೋಗುವ ಪ್ರವಾಸಿಗೆ ಎದುರಾಗುವ ಹೆಸರುಗಳನ್ನು ನೋಡಬೇಕು. ಪಾಲೊ ಆಲ್ಟೊ ಎಂದರೆ ಎತ್ತರದ ಮರ. ಸಾವಿರ ವರ್ಷ ದಾಟಿದ ಆ ಕೆಂಪು ದೇವದಾರು ಇಂದಿಗೂ ರೈಲುಹಳಿಯ ಪಕ್ಕದಲ್ಲಿ ನಿಂತಿದೆ. ಲಾಸ್ ಗ್ಯಾಟೊಸ್ ಎಂದರೆ ಬೆಕ್ಕುಗಳು. ಬೆಟ್ಟದ ಕಾಡುಬೆಕ್ಕುಗಳಿಂದ ಬಂದ ಹೆಸರು. ಮಿಲ್ಪಿಟಸ್ ಎಂದರೆ ಮೆಕ್ಕೆಜೋಳದ ಸಣ್ಣ ಹೊಲಗಳು. ಊರಿಂದೂರಿಗೆ ಹಾಯುವ ಹಳೆಯ ದಾರಿಯ ಹೆಸರು ಎಲ್ ಕಮೀನೊ ರೆಯಾಲ್, ಅಂದರೆ ರಾಜಮಾರ್ಗ.

ಈ ಹೆಸರುಗಳ ಹಿಂದೆ ಎರಡೂವರೆ ಶತಮಾನದ ಕಥೆಯಿದೆ. ೧೭೬೯ರಲ್ಲಿ ಸ್ಪೇನ್ ದೇಶದ ಸೈನಿಕರೂ ಪಾದ್ರಿಗಳೂ ಮೆಕ್ಸಿಕೊ ಕಡೆಯಿಂದ ಬಂದು ಸ್ಯಾನ್ ಡಿಯೇಗೊದಲ್ಲಿ ಮೊದಲ ಮಿಷನ್ ಕಟ್ಟಿದರು. ೧೮೨೩ರ ವೇಳೆಗೆ ಕರಾವಳಿಯುದ್ದಕ್ಕೂ ಇಂಥ ೨೧ ಮಿಷನ್‌ಗಳಾದವು. ಸ್ಯಾನ್ ಹೋಸೆ ಪಟ್ಟಣ ಹುಟ್ಟಿದ್ದು ೧೭೭೭ರಲ್ಲಿ. ಅದಕ್ಕೆ ಮೊದಲು ಈ ನೆಲ ಓಲೋನೆ ಎಂಬ ಮೂಲನಿವಾಸಿಗಳದ್ದು. ಮಿಷನ್ನಿನ ದುಡಿಮೆಗೂ ಹೊರಗಿನಿಂದ ಬಂದ ರೋಗಗಳಿಗೂ ಸಿಕ್ಕಿ ಅವರಲ್ಲಿ ಬಹುಮಂದಿ ಅಳಿದರು. ಅವರ ಮಾತನ್ನು ಅದುಮಿ ಬಂದ ಭಾಷೆ ಸ್ಪ್ಯಾನಿಷ್. ಅದನ್ನು ಅದುಮುವ ಸರದಿ ಮುಂದೆ ಇಂಗ್ಲಿಷಿನದಾಯಿತು.

ಯುದ್ಧದಲ್ಲಿ ಸೋತ ಮೆಕ್ಸಿಕೊ ೧೮೪೮ರ ಒಪ್ಪಂದದಂತೆ ಕ್ಯಾಲಿಫೋರ್ನಿಯಾವನ್ನು ಅಮೆರಿಕೆಗೆ ಬಿಟ್ಟುಕೊಟ್ಟಿತು. ೧೮೪೯ರ ಮೊದಲ ರಾಜ್ಯಾಂಗದಲ್ಲಿ ಕಾನೂನುಗಳನ್ನೆಲ್ಲ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲಿಯೂ ಪ್ರಕಟಿಸಬೇಕೆಂಬ ವಿಧಿಯಿತ್ತು. ಮೂವತ್ತು ವರ್ಷಗಳ ತರುವಾಯ, ೧೮೭೯ರ ರಾಜ್ಯಾಂಗದಲ್ಲಿ, ಆ ವಿಧಿ ಮಾಯವಾಗಿ ಸರ್ಕಾರದ ವ್ಯವಹಾರವೆಲ್ಲ ಇಂಗ್ಲಿಷಿಗೇ ಮೀಸಲಾಯಿತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹಲವೆಡೆ ಮೆಕ್ಸಿಕನ್ ಮನೆತನದ ಮಕ್ಕಳಿಗೆ ಬೇರೆಯ ಶಾಲೆಗಳಿದ್ದವು. ಹೆತ್ತವರು ಹೂಡಿದ ಮೊಕದ್ದಮೆಯಲ್ಲಿ ೧೯೪೬ರಲ್ಲಿ ನ್ಯಾಯಾಲಯ ಆ ಪದ್ಧತಿಯನ್ನು ತಳ್ಳಿಹಾಕಿತು. ೧೯೪೭ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದರೂ ನೈಋತ್ಯ ಅಮೆರಿಕೆಯ ಅನೇಕ ಶಾಲೆಗಳಲ್ಲಿ ಆಟದ ಬಯಲಿನಲ್ಲಿ ಸ್ಪ್ಯಾನಿಷ್ ಆಡಿದ ಮಗುವಿಗೆ ಶಿಕ್ಷೆ ತಪ್ಪುತ್ತಿರಲಿಲ್ಲ. ೧೯೯೮ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಶಾಲೆಗಳಲ್ಲಿ ದ್ವಿಭಾಷಾ ಬೋಧನೆಗೆ ಕಡಿವಾಣ ಹಾಕಿದರು. ೨೦೧೬ರಲ್ಲಿ ಮತ್ತೆ ಮತ ಹಾಕಿ ಆ ಕಡಿವಾಣವನ್ನು ಕಳಚಿದರು.

ಒಂದು ಕಾಲದಲ್ಲಿ ಆಡಿದರೆ ಶಿಕ್ಷೆ ತರುತ್ತಿದ್ದ ಮಾತು ಇಂದು ಅಂಕ ತರುವ ಮಾತಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನು ಸೇರಬೇಕಾದರೆ ಇಂಗ್ಲಿಷಲ್ಲದ ಒಂದು ಭಾಷೆಯನ್ನು ಹೈಸ್ಕೂಲಿನಲ್ಲಿ ಎರಡು ವರ್ಷವಾದರೂ ಓದಿರಬೇಕು. ಮೂರು ವರ್ಷ ಓದಿದ್ದರೆ ಲೇಸು ಎಂಬುದು ಅದರ ಸಲಹೆ. ಅಮೆರಿಕೆಯಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಆಡುವವರು ನಾಲ್ಕು ಕೋಟಿಗೂ ಹೆಚ್ಚು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ತೋಟದಲ್ಲಿ, ಬಸ್ಸಿನಲ್ಲಿ ಅದು ಕಿವಿಗೆ ಬೀಳುತ್ತಲೇ ಇರುತ್ತದೆ. ಹೆಚ್ಚಿನ ಮಕ್ಕಳು ಅದನ್ನೇ ಆರಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಂಟೆ ಬಾರಿಸಿದ ಮೇಲೆ

ಅಲ್ಲಿಯ ಹೈಸ್ಕೂಲು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷಗಳದ್ದು. ಉಪಾಧ್ಯಾಯರು ತರಗತಿಯಿಂದ ತರಗತಿಗೆ ಹೋಗುವ ಪದ್ಧತಿ ಅಲ್ಲಿಲ್ಲ. ಅವರವರ ಕೊಠಡಿಯಲ್ಲಿ ಅವರಿರುತ್ತಾರೆ, ಗಂಟೆ ಬಾರಿಸಿದೊಡನೆ ಚೀಲ ಹೊತ್ತು ಓಡುವವರು ಮಕ್ಕಳೇ. ಸ್ಪ್ಯಾನಿಷ್ ಕೊಠಡಿಯ ಗೋಡೆಯ ಮೇಲೆ ದಕ್ಷಿಣ ಅಮೆರಿಕೆಯ ಭೂಪಟ, ಬಣ್ಣದ ಕಾಗದದ ತೋರಣ, ಕ್ರಿಯಾಪದಗಳ ದೊಡ್ಡ ಪಟ್ಟಿ. ತರಗತಿಯನ್ನು ನಿರ್ಣಯಿಸುವುದು ವಯಸ್ಸಲ್ಲ, ಹಂತ. ಹಿಂದಿನ ಶಾಲೆಯಲ್ಲೇ ಮೊದಲ ಹಂತ ಮುಗಿಸಿ ಬಂದ ಹದಿನಾಲ್ಕರ ಹುಡುಗಿಯ ಪಕ್ಕದಲ್ಲಿ ಮೀಸೆ ಮೂಡಿದ ಹದಿನೇಳರ ಹುಡುಗ ಕುಳಿತಿರುವುದುಂಟು.

ಮೊದಲ ವರ್ಷ ಹಗುರ. ಬಣ್ಣಗಳು, ವಾರದ ದಿನಗಳು, ನೆಂಟಸ್ತಿಕೆಯ ಪದಗಳು, ಹಣ್ಣು ತರಕಾರಿಗಳು. ಬಾಯಿಪಾಠ ಮಾಡಿದರೆ ಮುಗಿಯಿತು. ಎರಡನೆಯ ವರ್ಷದ ಮೊದಲ ವಾರವೇ ಮಕ್ಕಳಿಗೆ ಬೇರೆಯ ಗಾಳಿ ತಗಲುತ್ತದೆ. ಉಪಾಧ್ಯಾಯಿನಿ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವುದರಿಂದ ಹಿಡಿದು ಮನೆಪಾಠ ಹೇಳುವವರೆಗೆ ಇಂಗ್ಲಿಷನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಾಳೆ. ತರಗತಿಯ ಮಾತಿನಲ್ಲಿ ನೂರಕ್ಕೆ ತೊಂಬತ್ತು ಪಾಲಾದರೂ ಕಲಿಯುವ ಭಾಷೆಯಲ್ಲೇ ಇರಬೇಕೆಂಬುದು ಅಮೆರಿಕೆಯ ಭಾಷಾಬೋಧಕರ ಮಂಡಳಿಯ ಶಿಫಾರಸು. ಅರ್ಧ ಅರ್ಥವಾಗಿ ಅರ್ಧ ಆಗದೆ, ಕೈಸನ್ನೆ ಮುಖಚರ್ಯೆಗಳಿಂದ ಊಹಿಸುತ್ತ ಕುಳಿತಿರುವುದೇ ಮಕ್ಕಳ ಮೊದಲ ಸಾಧನೆ.

ಮಧ್ಯಮ ಹಂತವೆಂದರೇನೆಂಬುದಕ್ಕೆ ಆ ಮಂಡಳಿ ಕೊಡುವ ವಿವರಣೆ ಬಹಳ ಸೊಗಸಾದುದು. ಉರುಹಚ್ಚಿದ ವಾಕ್ಯವನ್ನು ಒಪ್ಪಿಸುವವನು ಆರಂಭದ ಹಂತದವನು. ತನ್ನ ವಾಕ್ಯವನ್ನು ತಾನೇ ಕಟ್ಟಿ, ಪ್ರಶ್ನೆಗೆ ಉತ್ತರ ಹೇಳುವುದಲ್ಲದೆ ಪ್ರಶ್ನೆ ಕೇಳಲೂ ಬಲ್ಲವನು ಮಧ್ಯಮ ಹಂತದವನು. ಆದುದರಿಂದಲೇ ಪರೀಕ್ಷೆಗಳೂ ಬೇರೆ ಬಗೆಯವು. 'ನಿನ್ನ ಪೆಟ್ಟಿಗೆ ಬಸ್ಸಿನಲ್ಲೇ ಉಳಿದುಹೋಗಿದೆ. ಗುಮಾಸ್ತನೊಡನೆ ಮಾತನಾಡು' ಎಂದು ಉಪಾಧ್ಯಾಯಿನಿ ಇಬ್ಬರನ್ನು ಎದ್ದು ನಿಲ್ಲಿಸುತ್ತಾಳೆ. ಒಬ್ಬನು ಗುಮಾಸ್ತ, ಇನ್ನೊಬ್ಬಳು ಪ್ರಯಾಣಿಕಳು. ಕೈಯಲ್ಲಿ ಚೀಟಿಯಿಲ್ಲ, ನಾಲಗೆ ತೊಡರುತ್ತದೆ, ಕಿವಿ ಕೆಂಪಾಗುತ್ತದೆ. ಮೊದಲ ವರ್ಷ ಪೂರ್ಣಾಂಕ ಪಡೆದ ಜಾಣರು ಎಷ್ಟೋ ವೇಳೆ ಇಲ್ಲಿ ಮುಗ್ಗರಿಸುತ್ತಾರೆ. ತಪ್ಪಿಗೆ ಅಂಜಿ ಬಾಯಿ ಕಟ್ಟಿಕೊಂಡವನಿಗಿಂತ ತಪ್ಪುತಪ್ಪಾಗಿಯಾದರೂ ಪೆಟ್ಟಿಗೆಯನ್ನು ಕೇಳಿ ಪಡೆದವನಿಗೆ ಹೆಚ್ಚು ಅಂಕ. ಮನೆಯಲ್ಲಿ ಕಂಪ್ಯೂಟರ್ ಒಂದೇ ಕ್ಷಣದಲ್ಲಿ ಭಾಷಾಂತರ ಮಾಡಿಕೊಡುವ ಈ ಕಾಲದಲ್ಲಿ ಉಪಾಧ್ಯಾಯರು ಪ್ರಬಂಧವನ್ನು ತರಗತಿಯಲ್ಲೇ ಕೈಬರಹದಲ್ಲಿ ಬರೆಸುವುದೂ ಉಂಟು.

ನವೆಂಬರ್ ೨ನೆಯ ದಿನ ಮೆಕ್ಸಿಕೊದವರಿಗೆ ಗತಿಸಿದವರ ಹಬ್ಬ. ಆ ವಾರ ಅನೇಕ ಕೊಠಡಿಗಳ ಮೂಲೆಯಲ್ಲಿ ಒಂದು ಪೀಠ ಏಳುತ್ತದೆ. ಅದರ ಮೇಲೆ ಹಿರಿಯರ ಚಿತ್ರಗಳು, ಅವರಿಗೆ ಪ್ರಿಯವಾಗಿದ್ದ ತಿನಿಸು, ಸುತ್ತಲೂ ಚೆಂಡುಹೂವಿನ ರಾಶಿ. ಮಹಾಲಯದಲ್ಲಿ ಹಿರಿಯರಿಗೆ ಎಡೆಯಿಡುವ ಮನೆಯಿಂದ ಬಂದವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆಯುಧಪೂಜೆಯಂದು ಕನ್ನಡ ನಾಡಿನ ಗಾಡಿಗಳಿಗೆಲ್ಲ ಹಾರವಾಗುವ ಚೆಂಡುಹೂವಿನ ತವರೂ ಮೆಕ್ಸಿಕೊ ಎಂಬುದು ಮಾತ್ರ ಅನೇಕರಿಗೆ ಹೊಸ ಸಂಗತಿಯಾದೀತು.

ಕನ್ನಡದ ಕಿವಿಗೆ ಕೇಳಿಸುವುದು

ಮಧ್ಯಮ ಹಂತದ ಸ್ಪ್ಯಾನಿಷ್‌ನಲ್ಲಿ ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳನ್ನು ಕಾಡುವ ತೊಡಕುಗಳು ನಾಲ್ಕಾರು. ಸೋಜಿಗವೆಂದರೆ, ಕನ್ನಡ ಬಲ್ಲ ಮಗುವಿಗೆ ಅವುಗಳಲ್ಲಿ ಹೆಚ್ಚಿನವು ತೊಡಕೇ ಅಲ್ಲ.

'ಮೆ ಗುಸ್ತ' ಎಂಬ ಪ್ರಯೋಗವನ್ನೇ ನೋಡಬಹುದು. ಇಂಗ್ಲಿಷಿನಲ್ಲಿ ಕಾಫಿಯನ್ನು ಮೆಚ್ಚುವವನು ಕರ್ತೃ. ಸ್ಪ್ಯಾನಿಷ್‌ನಲ್ಲಿ ಕಾಫಿಯೇ ಕರ್ತೃ. ಮೆಚ್ಚುವವನು ಚತುರ್ಥಿಯಲ್ಲಿ ವಿನಯದಿಂದ ಪಕ್ಕಕ್ಕೆ ನಿಲ್ಲುತ್ತಾನೆ. ಈ ತಲೆಕೆಳಗು ಇಂಗ್ಲಿಷ್ ಮಕ್ಕಳಿಗೆ ಜೀರ್ಣವಾಗಲು ತಿಂಗಳುಗಳೇ ಬೇಕು. ಕನ್ನಡದ ಮಗು ಹುಟ್ಟಿದಂದಿನಿಂದ ಕೇಳಿರುವುದೇ 'ನನಗೆ ಕಾಫಿ ಹಿಡಿಸುತ್ತದೆ' ಎಂದು. 'ಮೆ ದುವೇಲೆ ಲಾ ಕಬೇಸ' ಎಂದರೂ ಅಷ್ಟೇ: 'ನನಗೆ ತಲೆ ನೋಯುತ್ತದೆ'.

'ಆಬ್ಲೊ' ಎಂದರೆ 'ಮಾತನಾಡುತ್ತೇನೆ'. 'ನಾನು' ಎಂದು ಬೇರೆ ಹೇಳಬೇಕಾಗಿಲ್ಲ. ಕ್ರಿಯಾಪದದ ಕೊನೆಯೇ ಕರ್ತೃವನ್ನು ಸೂಚಿಸುತ್ತದೆ. 'ತೂ' ಮತ್ತು 'ಉಸ್ತೆದ್' ಎಂಬ ಭೇದ ನೀನು, ನೀವು ಎಂಬ ಭೇದವೇ; ಉಪಾಧ್ಯಾಯಿನಿಯನ್ನು 'ತೂ' ಎನ್ನಬಾರದೆಂದು ಕನ್ನಡದ ಹುಡುಗನಿಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಉಚ್ಚಾರಣೆಯಲ್ಲಿಯೂ ಹೀಗೆಯೇ. ಇಂಗ್ಲಿಷ್ ನಾಲಗೆ ಟಕಾರ ಡಕಾರಗಳ ಕಡೆ ಜಾರಿದರೆ ಸ್ಪ್ಯಾನಿಷ್ ಕೇಳುವುದು ಹಲ್ಲಿಗೆ ತಾಗುವ ತಕಾರ ದಕಾರಗಳನ್ನು. ಕನ್ನಡದ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಞಕಾರಕ್ಕೆ ಅಲ್ಲಿ ಕೈತುಂಬ ಕೆಲಸ: 'ನಿಞೊ' ಎಂದರೆ ಮಗು, 'ಆಞೊ' ಎಂದರೆ ವರ್ಷ. 'ಪೆರೊ' ಎಂದರೆ 'ಆದರೆ'. ರಕಾರವನ್ನು ಒತ್ತಿ ನಡುಗಿಸಿ 'ಪೆಱೊ' ಎಂದರೆ ನಾಯಿ. ಹಳಗನ್ನಡವೂ ಇಂಥ ಎರಡು ರಕಾರಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿತ್ತು: ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಆ ಶಕಟರೇಫವನ್ನು ಕನ್ನಡ ಕೈಬಿಟ್ಟಿತು. ಸ್ಪ್ಯಾನಿಷ್ ತನ್ನದನ್ನು ಉಳಿಸಿಕೊಂಡಿತು.

ಎಲ್ಲಕ್ಕಿಂತ ಕಠಿನವಾದುದು ಭೂತಕಾಲ. ಸ್ಪ್ಯಾನಿಷ್‌ನಲ್ಲಿ ಮುಖ್ಯವಾದ ಭೂತರೂಪಗಳು ಎರಡು. ಒಂದು, ಮುಗಿದುಹೋದ ಘಟನೆಗೆ. ಇನ್ನೊಂದು, ಹಿಂದೆ ನಡೆಯುತ್ತಲೇ ಇದ್ದ ಸ್ಥಿತಿಗೆ. ಇಂಗ್ಲಿಷಿನಲ್ಲಿ ಒಂದೇ ರೂಪ ಎಷ್ಟೋ ಕಡೆ ಎರಡಕ್ಕೂ ಸಲ್ಲುವುದರಿಂದ ಅಲ್ಲಿಯ ಮಕ್ಕಳು ಪಟ್ಟಿ ಮಾಡಿ, ಬಣ್ಣ ಹಚ್ಚಿ, ಸೂತ್ರ ಕಟ್ಟಿ ಹೆಣಗುತ್ತಾರೆ. ಕನ್ನಡದಲ್ಲಿ 'ಮಳೆ ಬಂತು' ಬೇರೆ, 'ಮಳೆ ಬರುತ್ತಿತ್ತು' ಬೇರೆ. 'ಸೂಪೆ' ಎಂದರೆ 'ನನಗೆ ತಿಳಿಯಿತು', 'ಸಬೀಯ' ಎಂದರೆ 'ನನಗೆ ತಿಳಿದಿತ್ತು'. ಇವೆರಡರ ಅಂತರವನ್ನು ಕನ್ನಡದ ಮಗುವಿಗೆ ಅರ್ಧ ನಿಮಿಷದಲ್ಲಿ ಹೇಳಿಕೊಡಬಹುದು.

ಹಾಗೆಂದು ದಾರಿಯೆಲ್ಲ ಹೂವಿನ ಹಾಸಿಗೆಯಲ್ಲ. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಜೀವವಿಲ್ಲದುದಕ್ಕೆಲ್ಲ 'ಅದು' ಎನ್ನುವ ಕನ್ನಡದ ಮಗು ಇಲ್ಲಿ ಇಂಗ್ಲಿಷ್ ಮಗುವಿನಷ್ಟೇ ತಬ್ಬಿಬ್ಬಾಗುತ್ತದೆ. ಹಿಂದಿ ಮನೆಮಾತಿನ ಗೆಳೆಯ ನಗುತ್ತಾನೆ. ಸ್ವರದ ಮೇಲಿನ ಒಂದು ಗೀಟು ಅರ್ಥವನ್ನೇ ಬದಲಿಸುತ್ತದೆ: 'ಪಾಪ' ಎಂದರೆ ಆಲೂಗೆಡ್ಡೆ, 'ಪಪಾ' ಎಂದರೆ ತಂದೆ. ಪ್ರಬಂಧದಲ್ಲಿ ತಂದೆಯನ್ನು ಬೇಯಿಸಿ ತಿಂದವರು ಪ್ರತಿವರ್ಷವೂ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಮನೆಮಾತನ್ನು ಕಲಿಯಬಂದವರು

ಇದೇ ಕೊಠಡಿಯ ಹಿಂದಿನ ಸಾಲಿನಲ್ಲಿ ಇನ್ನೊಂದು ಬಗೆಯ ಮಕ್ಕಳಿರುತ್ತಾರೆ. ಅವರ ಹೆಸರುಗಳೇ ಸ್ಪ್ಯಾನಿಷ್. ಮನೆಯಲ್ಲಿ ಅಜ್ಜಿ ಆಡುವುದೂ ಅದನ್ನೇ. ಸ್ಯಾನ್ ಹೋಸೆಯ ಮೂಡಣ ಭಾಗದಲ್ಲಿ ಮೆಕ್ಸಿಕನ್ ಕೂಲಿಕಾರರು ನೆಲಸಿದ್ದ ಕೇರಿಯೊಂದಕ್ಕೆ 'ಸಾಲ್ ಸಿ ಪುಯೇದೆಸ್' ಎಂಬ ಹೆಸರಿತ್ತು. 'ಸಾಧ್ಯವಾದರೆ ಹೊರಬೀಳು' ಎಂದು ಅದರ ಅರ್ಥ. ಮುಂದೆ ಹೊಲಗೆಲಸಗಾರರ ಸಂಘವನ್ನು ಕಟ್ಟಿದ ಸೀಸರ್ ಚಾವೆಸ್ ೧೯೫೨ರಲ್ಲಿ ಸಂಘಟನೆಯ ಕೆಲಸಕ್ಕೆ ಇಳಿದದ್ದು ಆ ಕೇರಿಯಿಂದಲೇ. ಹೊರಬೀಳುವ ದಾರಿ ಇಂಗ್ಲಿಷ್ ಎಂದು ನಂಬಿದ ಎಷ್ಟೋ ತಂದೆತಾಯಿಗಳು ಮಕ್ಕಳೊಡನೆ ಇಂಗ್ಲಿಷನ್ನೇ ಆಡಿದರು. ಶಾಲೆಯಲ್ಲಿ ತಿಂದ ಏಟು ಅವರಿಗೆ ಮರೆತಿರಲಿಲ್ಲ. ಹೀಗಾಗಿ ಮಕ್ಕಳಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ಆಡಲು ಬಾರದು. ಆಡಿದರೂ ಬರೆಯಲು ಬಾರದು.

ತರಗತಿಯಲ್ಲಿ ಇವರ ಪಾಡು ವಿಚಿತ್ರ. ಕಿವಿಯ ಪರೀಕ್ಷೆಯಲ್ಲಿ ಇವರೇ ಮೊದಲಿಗರು, ಕಾಗುಣಿತದಲ್ಲಿ ಕಡೆಯವರು. ಬಕಾರ ವಕಾರಗಳಿಗೆ ಅಲ್ಲಿ ಒಂದೇ ಧ್ವನಿ, ಹಕಾರದ ಅಕ್ಷರಕ್ಕೆ ಧ್ವನಿಯೇ ಇಲ್ಲ. ಕಿವಿಯಿಂದ ಮಾತ್ರ ಕಲಿತವರಿಗೆ ಯಾವ ಅಕ್ಷರ ಹಾಕಬೇಕೆಂದು ತಿಳಿಯುವುದು ಹೇಗೆ? ಲಾರಿಗೆ ಅವರು 'ತ್ರೋಕ' ಎನ್ನುತ್ತಾರೆ, ಮಧ್ಯಾಹ್ನದ ಊಟಕ್ಕೆ 'ಲೋಂಚೆ'. ಎರಡೂ ಇಂಗ್ಲಿಷಿನಿಂದ ಬಂದು ಬೇರೂರಿದ ಪದಗಳು. ಪಠ್ಯಪುಸ್ತಕದಲ್ಲಿ ಅವುಗಳಿಗೆ ಜಾಗವಿಲ್ಲ. 'ನೀನು ಆಡುವುದು ಸ್ಪ್ಯಾನಿಷ್ಷೇ ಅಲ್ಲ' ಎಂದು ಒಬ್ಬರು ಮೂದಲಿಸಿದರೆ ಸಾಕು, ಆ ಹುಡುಗ ಮತ್ತೆಂದೂ ಬಾಯಿ ತೆರೆಯುವುದಿಲ್ಲ. ಬಲ್ಲ ಉಪಾಧ್ಯಾಯಿನಿ 'ಅದು ಮನೆಯ ಪದ, ಇದು ಪುಸ್ತಕದ ಪದ. ಎರಡೂ ನಿನ್ನವೇ' ಎನ್ನುತ್ತಾಳೆ. ಇಂಥ ಮಕ್ಕಳಿಗಾಗಿ ಪ್ರತ್ಯೇಕ ತರಗತಿ ನಡೆಸುವ ಶಾಲೆಗಳೂ ಕ್ಯಾಲಿಫೋರ್ನಿಯಾದಲ್ಲಿ ಬೇಕಾದಷ್ಟಿವೆ.

ಎರಡು ಭೂತರೂಪಗಳ ಪಾಠ ಮುಗಿದಾಗ ಸಾಮಾನ್ಯವಾಗಿ ಕೊಡುವ ಮನೆಪಾಠವೊಂದಿದೆ: ಮನೆಯ ಹಿರಿಯರೊಬ್ಬರನ್ನು ಅವರ ಬಾಲ್ಯದ ಬಗೆಗೆ ಕೇಳಿ ಸ್ಪ್ಯಾನಿಷ್‌ನಲ್ಲಿ ಬರೆದು ತರುವುದು. ಹಿಂದಿನ ಸಾಲಿನ ಹುಡುಗ ಅಡುಗೆಮನೆಯಲ್ಲಿ ಅಜ್ಜಿಯೆದುರು ಕುಳಿತು ಕೇಳಬೇಕು. ಅದೇ ತರಗತಿಯ ಕನ್ನಡದ ಹುಡುಗಿ ಬೆಂಗಳೂರಿಗೋ ಶಿವಮೊಗ್ಗಕ್ಕೋ ಫೋನು ಮಾಡಬೇಕು. ಅಲ್ಲಿ ಅವಳಿಗೊಂದು ಪೇಚು ಕಾದಿರುತ್ತದೆ. 'ಅಜ್ಜಿ, ನೀವು ಚಿಕ್ಕೋರಿದ್ದಾಗ ಏನು ಮಾಡ್ತಿದ್ರಿ?' ಎಂಬ ಒಂದು ವಾಕ್ಯ ಸ್ಪ್ಯಾನಿಷ್‌ನಲ್ಲಿ ಸಲೀಸಾಗಿ ಬರುತ್ತದೆ, ಕನ್ನಡದಲ್ಲಿ ತಡವರಿಸುತ್ತದೆ. ಅವಳ ಕನ್ನಡ ಊಟಕ್ಕೆ ಬಾ, ನಿದ್ದೆ ಮಾಡು, ಶೂ ಬಿಚ್ಚು ಎಂಬುದರಾಚೆ ಬೆಳೆದಿರುವುದಿಲ್ಲ. ಕನ್ನಡದಿಂದ ಸ್ಪ್ಯಾನಿಷ್ ಸುಲಭವಾಗುವುದು ಕನ್ನಡ ಬಾಯಲ್ಲಿದ್ದರೆ ತಾನೆ?

ಅಜ್ಜಿಯೇನೋ ಹೇಳುತ್ತಾರೆ: 'ಮಳೆಗಾಲದಲ್ಲಿ ಹಳ್ಳ ತುಂಬಿ ಹರೀತಿತ್ತು ಕಣೇ ಪುಟ್ಟಿ. ನಾವು ಸ್ಕೂಲಿಗೇ ಹೋಗ್ತಿರಲಿಲ್ಲ. ಒಂದಿನ ಕಾಲುಸಂಕ ಕೊಚ್ಚಿಕೊಂಡೇ ಹೋಯ್ತು.' ಹರೀತಿತ್ತು, ಹೋಗ್ತಿರಲಿಲ್ಲ, ಹೋಯ್ತು: ಉಪಾಧ್ಯಾಯಿನಿ ಆರು ವಾರ ಹೆಣಗಿ ಕಲಿಸಿದ ಪಾಠವೆಲ್ಲ ಮೂರು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಹುಡುಗಿ 'ಕಾಲುಸಂಕ ಅಂದ್ರೇನಜ್ಜಿ?' ಎಂದು ಕೇಳುತ್ತಾಳೆ. ಅದಕ್ಕೆ ಸ್ಪ್ಯಾನಿಷ್ ಪದ ಯಾವ ನಿಘಂಟಿನಲ್ಲಾದರೂ ಸಿಕ್ಕೀತು. ಅದು ಹೇಗಿತ್ತೆಂಬುದನ್ನು ಹೇಳಬಲ್ಲವರು ಅಜ್ಜಿಯೊಬ್ಬರೇ.

ಮನೆಯವರು ಮಾಡಬಹುದಾದದ್ದು

ಮಗುವೊಂದು ಈ ಹಂತಕ್ಕೆ ಬಂದಾಗ ಮನೆಯವರು ತಿಳಿದಿರಬೇಕಾದ ಸಂಗತಿಗಳು ಕೆಲವು. ಎರಡನೆಯ ವರ್ಷ ಅಂಕ ಸ್ವಲ್ಪ ಇಳಿದರೆ ಗಾಬರಿಪಡಬೇಕಾಗಿಲ್ಲ. ಬಾಯಿಪಾಠದಿಂದ ಮಾತಿಗೆ ದಾಟುವ ಕಾಲದಲ್ಲಿ ಅದು ಸಹಜ. ಆದರೆ ಎರಡು ವರ್ಷಕ್ಕೇ ನಿಲ್ಲಿಸಿದರೆ ಪ್ರವೇಶಕ್ಕೆ ಬೇಕಾದ ಅರ್ಹತೆ ಕೈಸೇರುತ್ತದೆಯೇ ಹೊರತು ಭಾಷೆ ಕೈಸೇರುವುದಿಲ್ಲ. ಆಶಯ, ಹಾರೈಕೆ, ಸಂದೇಹಗಳನ್ನು ತಿಳಿಸುವ ಕ್ರಿಯಾರೂಪಗಳು ಸರಿಯಾಗಿ ಬರುವುದು ಮೂರನೆಯ ವರ್ಷದಲ್ಲೇ. 'ಓಹಲಾ ಕೆ ಬೆಂಗ' ಎಂದರೆ 'ಬಂದರೆ ಸಾಕಪ್ಪ, ಬರಲಿ' ಎಂದಂತೆ. ಆ 'ಓಹಲಾ' ಎಂಬ ಪದ ದೇವರಿಚ್ಛೆಯಿದ್ದರೆ ಎಂಬ ಅರ್ಥದ ಅರಬ್ಬೀ ಮಾತಿನಿಂದ ಬಂದುದು. ಅರಬರು ಸ್ಪೇನಿನಲ್ಲಿ ಶತಮಾನಗಳ ಕಾಲ ಆಳಿದ್ದರ ಗುರುತು.

ಎರಡು ಭಾಷೆಗಳಲ್ಲಿ ಓದಿ ಬರೆಯಬಲ್ಲ ವಿದ್ಯಾರ್ಥಿಯ ಪ್ರಮಾಣಪತ್ರಕ್ಕೆ ವಿಶೇಷ ಮುದ್ರೆ ಒತ್ತುವ ಕಾನೂನನ್ನು ಕ್ಯಾಲಿಫೋರ್ನಿಯಾ ೨೦೧೧ರಲ್ಲಿ ಮಾಡಿತು. ಅನಂತರ ಇತರ ರಾಜ್ಯಗಳೂ ಅದನ್ನು ಅನುಸರಿಸಿದವು. ಕಾನೂನು ಇಂಥ ಭಾಷೆಯೇ ಆಗಬೇಕೆಂದು ಕಟ್ಟುಮಾಡಿಲ್ಲ. ಕಣಿವೆಯ ಕನ್ನಡ ಸಂಸಾರಗಳು ವಾರದ ಕೊನೆಯಲ್ಲಿ ನಡೆಸುವ ಕನ್ನಡ ಶಾಲೆಗಳಲ್ಲಿ ಅಆಇಈ ತಿದ್ದುವ ಪುಟಾಣಿಗಳು ಕಾಣಸಿಗುತ್ತಾರೆ. ಹದಿನೈದು ಹದಿನಾರರ ಹರೆಯದವರು ವಿರಳ. ಆ ವಯಸ್ಸಿಗೆ ಆಟ, ಪರೀಕ್ಷೆ, ಗೆಳೆಯರ ಸೆಳೆತ ಹೆಚ್ಚು. ಅದೇ ವಯಸ್ಸಿನಲ್ಲಿ ಅವರು ದಿನಕ್ಕೊಂದು ಗಂಟೆ ಕುಳಿತು ಇನ್ನೊಂದು ಭಾಷೆಯ ವಿಭಕ್ತಿ, ಕಾಲ, ವಚನಗಳನ್ನು ಅರಿಯುತ್ತಿದ್ದಾರೆ. ಆ ಅರಿವು ತವರಿನ ಮಾತಿನ ಕಡೆಗೂ ಹರಿಯಬಲ್ಲದು. ಅದಕ್ಕೆ ದೊಡ್ಡ ಸಿದ್ಧತೆಯೇನೂ ಬೇಡ. 'ಈ ವಾರ ಯಾವ ಪಾಠ ಆಯಿತು?' ಎಂದು ಕೇಳಿ, ಅವರು ಹೇಳಿದ ಸ್ಪ್ಯಾನಿಷ್ ವಾಕ್ಯಕ್ಕೆ ಮನೆಯ ಕನ್ನಡದಲ್ಲಿ ಸಾಟಿ ಹುಡುಕಿಕೊಟ್ಟರೆ ಆರಂಭವಾದಂತೆಯೇ. 'ಪಗಾರ್' ಎಂದರೆ ಅಲ್ಲಿ ಹಣ ಕೊಡುವುದು. ಅದೇ ಪದ ಸ್ಪ್ಯಾನಿಷ್‌ನ ತಂಗಿಯಾದ ಪೋರ್ಚುಗೀಸಿನ ದಾರಿಯಿಂದ ಬಂದು ಉತ್ತರ ಕರ್ನಾಟಕದಲ್ಲಿ ತಿಂಗಳ ಸಂಬಳವಾಗಿ ಕುಳಿತಿದೆ ಎಂದು ಧಾರವಾಡದ ಅಜ್ಜನೊಬ್ಬ ಹೇಳಿದರೆ, ಮರುದಿನ ತರಗತಿಯಲ್ಲಿ ಕೈಯೆತ್ತಿ ಹೇಳಲು ಮೊಮ್ಮಗನಿಗೆ ಒಂದು ಮಾತು ಸಿಕ್ಕಿತು.